ಸರ್ವರ್ ಬದಲಾವಣೆಗೂ ಒಂದು ಹಂಗಾಮು

ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಉದಗೀರ ಮತ್ತು ನಿಲಂಗಾ, ಧಾರಾಶಿವ ಜಿಲ್ಲೆಯ ಉಮರ್ಗಾ. ಬೀದರ, ಕಲಬುರಗಿಗೆ ಗಡಿ ಹಚ್ಚಿಕೊಂಡಿರುವ ಈ ತಾಲೂಕುಗಳಲ್ಲಿ ಸರ್ವರ್ ಎಂದರೆ ತಂಪು ಕೋಣೆಯಲ್ಲಿ ಸಾಲುಗಟ್ಟಿ ನಿಂತ ಕಪಾಟುಗಳೇನಲ್ಲ. ಪತ್‌ಸಂಸ್ಥೆಯಲ್ಲಿ (ಪತ್ತಿನ ಸೊಸೈಟಿ) ಮ್ಯಾನೇಜರರ ಮೇಜಿನ ಕೆಳಗೆ, ಆಡತಿ (ದಲಾಲಿ) ಅಂಗಡಿಯಲ್ಲಿ ಗಾದಿಯ ಹಿಂದೆ, ಆಸ್ಪತ್ರೆಯಲ್ಲಿ ಔಷಧಿ ಕೌಂಟರಿನ ಮೂಲೆಯಲ್ಲಿ ಯುಪಿಎಸ್ ಪಕ್ಕ ಧೂಳು ತಿನ್ನುತ್ತ ಕೂತ ಒಂದೇ ಒಂದು ಡಬ್ಬಿ. ನಾಲ್ಕೈದು ಕೌಂಟರುಗಳ ಕಂಪ್ಯೂಟರುಗಳು ಅದನ್ನೇ ನೆಚ್ಚಿಕೊಂಡಿರುತ್ತವೆ. ಠೇವಣಿ, ಸಾಲ, ತೊಗರಿಯ ತೂಕ, ರೋಗಿಯ ಬಿಲ್ಲು ಎಲ್ಲವೂ ಅದರ ಡಿಸ್ಕಿನೊಳಗೆ. ಈ ಡಬ್ಬಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಬೇಕೋ ಬೇಡವೋ ಎಂಬ ಮಾತು ಎದ್ದಾಗ ಮಾರುವವರು ‘ಹಳೇದು ಮುಗೀತು, ಹೊಸದಕ್ಕೆ ಬರ್ರಿ’ ಎನ್ನುತ್ತಾರೆ. ಲೆಕ್ಕ ಬರೆಯುವವರು ‘ನಡೀಲಿಕ್ಕತ್ತದ, ಯಾಕ ಮುಟ್ಟತೀರಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಜಗ್ಗಾಡುತ್ತಿರುವುದು ಆಗಲೇ ತೀರ್ಮಾನವಾಗಿರುವ ಸಂಗತಿಯ ಮೇಲೆ. ಬದಲಿಸಬೇಕೇ ಎಂಬುದನ್ನು ತಯಾರಕರು ವರ್ಷಗಳ ಹಿಂದೆಯೇ ತಾರೀಖು ಹಾಕಿ ಮುಗಿಸಿರುತ್ತಾರೆ. ನಮ್ಮ ಕೈಯಲ್ಲಿ ಉಳಿಯುವುದು ಯಾವಾಗ ಎಂಬುದಷ್ಟೆ. ಅದನ್ನು ಆರಿಸಿಕೊಳ್ಳುವ ಅಧಿಕಾರವೂ ಎಲ್ಲರಿಗೂ ಇಲ್ಲ; ಕೆಟ್ಟುಹೋದರೆ ನಿನ್ನೆಯ ಸ್ಥಿತಿಗೆ ಮರಳಬಲ್ಲೆವೆಂದು ಒಮ್ಮೆಯಾದರೂ ಮಾಡಿ ನೋಡಿದವರಿಗೆ ಮಾತ್ರ ಇದೆ.

ತಾರೀಖುಗಳೇನೂ ಗುಟ್ಟಿನವಲ್ಲ. ವಿಂಡೋಸ್ ಸರ್ವರ್ 2012ರ ಬೆಂಬಲ 2023ರ ಅಕ್ಟೋಬರ್ 10ಕ್ಕೆ ನಿಂತಿತು. ಕೌಂಟರುಗಳ ಮೇಲೆ ಹೆಚ್ಚಾಗಿ ಕಾಣುವ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನವಾಗಿತ್ತು. ಮುಂದಿನ ಸರದಿ ಸರ್ವರ್ 2016ರದು. ಅದರ ಗಡುವು 2027ರ ಜನವರಿ 12. ಸರ್ವರ್ 2019ಕ್ಕೆ 2029ರ ಜನವರಿ 9ರವರೆಗೆ, ಸರ್ವರ್ 2022ಕ್ಕೆ 2031ರ ಅಕ್ಟೋಬರ್ 14ರವರೆಗೆ ಆಯುಷ್ಯವಿದೆ. ಈ ದಿನಗಳನ್ನು ಗಡಿಭಾಗದ ಪೇಟೆಯ ವರ್ಷದ ಮೇಲೆ ಇಟ್ಟು ನೋಡಿ. ಅಕ್ಟೋಬರ್ ಬಂತೆಂದರೆ ಸೋಯಾಬೀನ್ ಆವಕ ಶುರು. ದಸರೆಯಿಂದ ದೀಪಾವಳಿ ದಾಟುವವರೆಗೆ ಆಡತಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಜನವರಿ ಬಂತೆಂದರೆ ತೊಗರಿ, ದಾಲ್ ಮಿಲ್ಲುಗಳ ಸುಗ್ಗಿ. ಮಾರ್ಚ್ ಲೆಕ್ಕಪತ್ರ ಮುಗಿಸುವ ತಿಂಗಳು. ಏಪ್ರಿಲಿನಿಂದ ಜೂನ್‌ವರೆಗೆ ಮುಂಗಾರಿನ ಬೆಳೆಸಾಲ, ಜುಲೈಯಲ್ಲಿ ಬೆಳೆವಿಮೆಯ ಧಾವಂತ. ವಿಂಡೋಸ್ ತಯಾರಕರ ಊರಾದ ರೆಡ್ಮಂಡ್‌ನಲ್ಲಿ ಕೂತು ಗಡುವು ಬರೆದವರಿಗೆ ಉದಗೀರ ಮಾರುಕಟ್ಟೆಯ ಆವಕ ಗೊತ್ತಿರಬೇಕಾಗಿಲ್ಲ, ಆದರೆ ಅವರು ಇಟ್ಟ ಅಕ್ಟೋಬರ್, ಜನವರಿ ಎರಡೂ ನಮ್ಮ ಅತಿ ಗಡಿಬಿಡಿಯ ತಿಂಗಳುಗಳ ಮೇಲೆಯೇ ಬಂದು ಕೂತಿವೆ. ಸೊಸೈಟಿಗೂ ಆಡತಿಗೂ ಉಳಿಯುವ ಬಿಡುವೆಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಆರು ವಾರ. ಅಂದಮೇಲೆ ಸರ್ವರ್ 2016 ಇಟ್ಟುಕೊಂಡವರಿಗೆ ಗಡುವು ಕಾಗದದ ಮೇಲೆ 2027ರ ಜನವರಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು 2026ರ ಸೆಪ್ಟೆಂಬರ್. ಕಾಲೇಜುಗಳ ಲೆಕ್ಕ ಬೇರೆ, ಪ್ರವೇಶ ಮತ್ತು ಪರೀಕ್ಷೆಗಳ ನಡುವೆ ಅವು ತಮ್ಮದೇ ಬಿಡುವು ಹುಡುಕಿಕೊಳ್ಳಬೇಕು.

ಬೆಂಬಲ ಮುಗಿದ ಮರುದಿನ ಬೆಳಿಗ್ಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಸರ್ವರ್ ಎಂದಿನಂತೆ ಏಳುತ್ತದೆ, ಪಾಸ್‌ಬುಕ್ ಎಂದಿನಂತೆ ಅಚ್ಚಾಗುತ್ತದೆ. ಗಡುವಿನ ಮಾತನ್ನು ಜನ ನಂಬದಿರುವುದಕ್ಕೆ ಇದೇ ಕಾರಣ. ನಿಲ್ಲುವುದು ತಿಂಗಳಿಗೊಮ್ಮೆ ಬರುತ್ತಿದ್ದ ದುರಸ್ತಿ. ಹೊಸ ಆವೃತ್ತಿಗೆ ಬಿಡುಗಡೆಯಾಗುವ ಪ್ರತಿ ದುರಸ್ತಿಯೂ ‘ಇಲ್ಲೊಂದು ತೂತಿತ್ತು’ ಎಂದು ಸಾರುತ್ತದೆ. ಅದೇ ತೂತು ಹಳೆಯದರಲ್ಲೂ ಇದ್ದರೆ, ಅಲ್ಲಿ ಅದು ಶಾಶ್ವತವಾಗಿ ತೆರೆದೇ ಇರುತ್ತದೆ. ಕಡತಗಳಿಗೆ ಬೀಗ ಹಾಕುವ ವನ್ನಾಕ್ರೈ ಎಂಬ ಕಂಪ್ಯೂಟರ್ ಹುಳುವಿನ 2017ರ ಪ್ರಕರಣ ಇದಕ್ಕೆ ತಕ್ಕ ಸಾಕ್ಷಿ. ವಿಂಡೋಸ್‌ನ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷಕ್ಕೆ ಮಾರ್ಚ್ 14ರಂದೇ ದುರಸ್ತಿ ಬಂದಿತ್ತು. ಮೇ 12ರಂದು ದಾಳಿ ಹಬ್ಬಿತು. ಆಂಧ್ರಪ್ರದೇಶದ ಕೆಲವು ಪೊಲೀಸ್ ಕಚೇರಿಗಳು, ಕೇರಳದ ಕೆಲವು ಗ್ರಾಮ ಪಂಚಾಯಿತಿಗಳೂ ಸಿಕ್ಕಿಬಿದ್ದವು. ‘ನಮ್ಮಂಥ ಸಣ್ಣವರನ್ನು ಯಾರು ಹುಡುಕಿಕೊಂಡು ಬರುತ್ತಾರೆ’ ಎನ್ನುವವರಿಗೆ ಪಂಚಾಯಿತಿಯ ಉದಾಹರಣೆಯೇ ಸಾಕು. ಆ ಹುಳು ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ, ಬಾಗಿಲು ತೆರೆದಿದ್ದಲ್ಲೆಲ್ಲ ನುಗ್ಗಿತು. ಆದರೆ ಇದರಲ್ಲಿ ಮಾರುವವರು ಹೇಳದ ಇನ್ನೊಂದು ಪಾಠವೂ ಇದೆ. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7, ಅಂದರೆ ಆಗಿನ್ನೂ ಬೆಂಬಲ ಇದ್ದ ಆವೃತ್ತಿ. ದುರಸ್ತಿ ಬಂದಿತ್ತು, ಹಾಕಿರಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಕೊಂಡು ಅದರ ದುರಸ್ತಿಗಳನ್ನು ಬಂದ್ ಮಾಡಿಡುವವರು ಬರೀ ಹಣ ಕಳೆದುಕೊಳ್ಳುತ್ತಾರೆ.

‘ನಮ್ಮ ಸರ್ವರಿಗೆ ಇಂಟರ್ನೆಟ್ಟೇ ಇಲ್ಲ’ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಿಜಕ್ಕೂ ಇಲ್ಲದಿದ್ದರೆ ಅಪಾಯ ಬಹಳ ಕಡಿಮೆ, ಒಪ್ಪಬೇಕು. ಆದರೆ ಆ ಸರ್ವರಿಗೆ ಜೋಡಿಸಿದ ಕೌಂಟರಿನ ಕಂಪ್ಯೂಟರಿನಲ್ಲಿ ವಾಟ್ಸ್ಯಾಪ್ ತೆರೆದಿರುತ್ತದೆ, ಸಾತ್‌ಬಾರಾ (ಪಹಣಿ) ಉತಾರೆ ಇಳಿಸಿಕೊಳ್ಳಲು ಬಂದವನ ಪೆನ್‌ಡ್ರೈವ್ ಚುಚ್ಚಿರುತ್ತದೆ, ಸಾಫ್ಟ್‌ವೇರಿನವನು ಸೊಲ್ಲಾಪುರದಲ್ಲೇ ಕೂತು ರಿಪೇರಿ ಮಾಡಲೆಂದು ದೂರನಿಯಂತ್ರಣದ ತಂತ್ರಾಂಶ ಹಾಕಿಟ್ಟಿರುತ್ತಾನೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ 5 ಸರ್ವರುಗಳಲ್ಲಿ ಸುಮಾರು 1.3 ಟೆರಾಬೈಟ್ ದತ್ತಾಂಶ ಇಂಥದೇ ದಾಳಿಗೆ ಸಿಕ್ಕಿ ಬೀಗ ಹಾಕಿಸಿಕೊಂಡಿತು. ಜಾಲವನ್ನು ಸರಿಯಾಗಿ ಭಾಗ ಮಾಡದೇ ಇದ್ದದ್ದು ಕಾರಣವೆಂದು ಸರ್ಕಾರವೇ ಸಂಸತ್ತಿಗೆ ಹೇಳಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಗೋಡೆ ಇರಲಿಲ್ಲವೆಂದರೆ, ಹೊರಬಾಗಿಲಿಗೆ ಬೀಗ ಇತ್ತೋ ಇಲ್ಲವೋ ಎಂಬುದು ಅಷ್ಟೇನೂ ದೊಡ್ಡ ಮಾತಲ್ಲ.

ಇಷ್ಟು ಕೇಳಿ ನಾಳೆಯೇ ಅತ್ಯಂತ ಹೊಸದನ್ನು ಹಾಕಿಸಲು ಹೊರಟರೆ ಅದೂ ತಪ್ಪು. ಸೆಂಟ್ ಓಎಸ್ ಬಳಸುತ್ತಿದ್ದವರಿಗೆ ಆದದ್ದನ್ನು ನೋಡಿ. ಪುಕ್ಕಟೆಯಾಗಿ ಸಿಗುತ್ತಿದ್ದ ಈ ಲಿನಕ್ಸಿನ 8ನೆಯ ಆವೃತ್ತಿ 2019ರ ಸೆಪ್ಟೆಂಬರಿನಲ್ಲಿ ಬಂತು, 2029ರವರೆಗೆ ಬೆಂಬಲವೆಂದು ಎಲ್ಲರೂ ನಂಬಿದ್ದರು. 2020ರ ಡಿಸೆಂಬರಿನಲ್ಲಿ ಅದನ್ನು 2021ರ ಕೊನೆಗೇ ಮುಗಿಸುವುದಾಗಿ ಪ್ರಕಟಣೆ ಬಂತು. ಹಳೆಯ 7ನೆಯ ಆವೃತ್ತಿಗೆ ಮಾತ್ರ ಮೊದಲೇ ಹೇಳಿದ್ದಂತೆ 2024ರ ಜೂನ್ 30ರವರೆಗೂ ದುರಸ್ತಿ ಸಿಕ್ಕಿತು. ಹುರುಪಿನಿಂದ ಮೊದಲು ಏರಿದವರು ಎರಡು ವರ್ಷದಲ್ಲಿ ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಆಲ್ಮಾ ಲಿನಕ್ಸಿಗೋ ರಾಕಿ ಲಿನಕ್ಸಿಗೋ ಹೋಗಬೇಕಾಯಿತು. ಸುಮ್ಮನೆ ಕೂತವರು ಎರಡೂವರೆ ವರ್ಷ ಹೆಚ್ಚು ನೆಮ್ಮದಿಯಾಗಿದ್ದರು. ಇನ್ನೊಂದು ಲಿನಕ್ಸಾದ ಉಬುಂಟುವಿನ ತಯಾರಕರಂತೂ ತಮ್ಮ ದೀರ್ಘ ಬೆಂಬಲದ ಆವೃತ್ತಿ ಬಿಡುಗಡೆಯಾದ ದಿನವೇ ಹಳೆಯ ದೀರ್ಘ ಬೆಂಬಲದವರನ್ನು ಅದಕ್ಕೆ ಕರೆಯುವುದಿಲ್ಲ. 24.04 ಬಂದದ್ದು 2024ರ ಏಪ್ರಿಲಿನಲ್ಲಿ, 22.04ರಲ್ಲಿದ್ದವರಿಗೆ ದಾರಿ ತೆರೆದದ್ದು ಆಗಸ್ಟ್ ಕೊನೆಯ 24.04.1ರ ನಂತರ. ಆಗಲೂ ದೋಷವೊಂದು ಕಂಡು ಆ ದಾರಿಯನ್ನು ಕೆಲಕಾಲ ಮುಚ್ಚಬೇಕಾಯಿತು. ಮಾಡಿದವರೇ ನಾಲ್ಕು ತಿಂಗಳು ತಡೆಯುವಾಗ ನಿಲಂಗಾದ ಪತ್‌ಸಂಸ್ಥೆಗೆ ಯಾವ ಅವಸರ? ಇನ್ನು ವಿಂಡೋಸ್‌ನಲ್ಲಿ, 2024ರ ನವೆಂಬರಿನಲ್ಲಿ, ಹೊರಗಿನವರ ದುರಸ್ತಿ-ನಿರ್ವಹಣೆ ತಂತ್ರಾಂಶ ಬಳಸುತ್ತಿದ್ದ ಕೆಲವು ಕಚೇರಿಗಳಲ್ಲಿ ಸರ್ವರ್ 2022 ರಾತ್ರಿ ಬೆಳಗಾಗುವುದರೊಳಗೆ ಸರ್ವರ್ 2025 ಆಗಿ ಕೂತಿತ್ತು, ಅದಕ್ಕೆ ಪರವಾನಗಿ ಕೊಂಡಿರದಿದ್ದರೂ. ಹಾಗಂತ ಹಿಂದೆ ಬೀಳುವುದಕ್ಕೂ ಮಿತಿಯಿದೆ. ಡೆಬಿಯನ್ ಎಂಬ ಲಿನಕ್ಸಿನಲ್ಲಿ ಆವೃತ್ತಿ ಹಾರಿಸಿ ಏರಲು ಅವಕಾಶವಿಲ್ಲ. 11ರಿಂದ 13ಕ್ಕೆ ಹೋಗಬೇಕೆಂದರೆ 12ರ ಮೆಟ್ಟಿಲು ತುಳಿಯಲೇಬೇಕು. ತಡ ಮಾಡಿದಷ್ಟೂ ಕೆಲಸ ದುಪ್ಪಟ್ಟಾಗುತ್ತದೆ.

ಬದಲಾವಣೆಯ ಅಪಾಯ ಎಲ್ಲಿ ಅಡಗಿರುತ್ತದೆ ಎಂಬುದಕ್ಕೆ ಒಂದೇ ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಲಿನಕ್ಸ್ ಸರ್ವರುಗಳಲ್ಲಿ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶ ಬಹಳ ಬಳಕೆಯಲ್ಲಿದೆ. ಸಾವಿರಾರು ಖಾತೆದಾರರ ಹೆಸರುಗಳಲ್ಲಿ ಒಂದನ್ನು ಥಟ್ಟನೆ ಹುಡುಕಲು ಅದು ಅಕ್ಷರಕ್ರಮದ ಸೂಚಿಯನ್ನು ಇಟ್ಟುಕೊಂಡಿರುತ್ತದೆ, ಖತಾವಣಿ ಪುಸ್ತಕದ ಮುಂದೆ ಹೆಸರು ಮತ್ತು ಪುಟದ ಪಟ್ಟಿ ಇರುವಂತೆ. ಯಾವ ಅಕ್ಷರ ಮೊದಲು, ಯಾವುದು ನಂತರ ಎಂಬ ನಿಯಮವನ್ನು ಅದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಜಿಲಿಬ್‌ಸಿ ಎಂಬ ಭಾಗದಿಂದ ಎರವಲು ಪಡೆಯುತ್ತದೆ. 2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ವಿಂಗಡಣೆಯ ನಿಯಮಗಳನ್ನೇ ದೊಡ್ಡ ಪ್ರಮಾಣದಲ್ಲಿ ಬದಲಿಸಿದರು. ಡೆಬಿಯನ್ 10, ರೆಡ್ ಹ್ಯಾಟ್ 8, ಉಬುಂಟು 20.04 ಎಲ್ಲಕ್ಕೂ ಅದು ಬಂತು. ಸರ್ವರಿನ ಆಪರೇಟಿಂಗ್ ಸಿಸ್ಟಂ ಏರಿಸಿದವರ ಹಳೆಯ ಸೂಚಿ ಹಳೆಯ ಕ್ರಮದಲ್ಲೇ ಉಳಿಯಿತು, ಹುಡುಕುವ ನಿಯಮ ಮಾತ್ರ ಹೊಸದಾಯಿತು. ಪರಿಣಾಮ ವಿಚಿತ್ರ. ಖಾತೆ ಇದೆ, ಹಣ ಇದೆ, ಆದರೆ ಹೆಸರು ಹೊಡೆದರೆ ‘ಇಲ್ಲ’ ಎಂಬ ಉತ್ತರ ಬರಬಹುದು. ಇಲ್ಲವೆಂದ ಮೇಲೆ ಗುಮಾಸ್ತ ಅದೇ ಹೆಸರಿಗೆ ಎರಡನೆಯ ಖಾತೆ ತೆರೆಯಬಹುದು, ಒಂದೇ ಇರಬೇಕೆಂದು ಕಟ್ಟುಪಾಡು ಹಾಕಿದ ಕಡೆಯೂ ಜೋಡಿ ನಮೂದುಗಳು ನುಸುಳಬಹುದು. ಪರದೆ ಕೆಂಪಾಗುವುದಿಲ್ಲ, ಸರ್ವರ್ ನಿಲ್ಲುವುದಿಲ್ಲ. ವಾರಗಳ ನಂತರ ಲೆಕ್ಕ ತಾಳೆಯಾಗದಿದ್ದಾಗ ಗೊತ್ತಾಗುತ್ತದೆ. ಮದ್ದು ಸರಳವಿದೆ: ಕೌಂಟರ್ ತೆರೆಯುವ ಮೊದಲು ಸೂಚಿಗಳನ್ನೆಲ್ಲ ಹೊಸದಾಗಿ ಕಟ್ಟಿಸುವುದು, ಒಂದು ಆಜ್ಞೆಯ ಕೆಲಸ. ಆದರೆ ಅದು ಬೇಕೆಂದು ತಿಳಿದಿರಬೇಕು, ಇಲ್ಲವೇ ದತ್ತಾಂಶದ ಒಂದು ನಕಲಿನ ಮೇಲೆ ಪ್ರಯೋಗ ಮಾಡಿ ದೇವನಾಗರಿಯಲ್ಲೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವ ಹತ್ತಿಪ್ಪತ್ತು ಹೆಸರುಗಳನ್ನು ಹುಡುಕಿ ನೋಡಿರಬೇಕು. ಆಪರೇಟಿಂಗ್ ಸಿಸ್ಟಂ ಬದಲಿಸುವುದೆಂದರೆ ಅದೊಂದನ್ನೇ ಬದಲಿಸಿದಂತಲ್ಲ ಎಂದು ತಿಳಿದವರು ಎಚ್ಚರಿಸುವುದು ಇದಕ್ಕೇ.

ಗಡಿಭಾಗದಲ್ಲಿ ಈ ತೊಡಕಿಗೆ ಇನ್ನೊಂದು ಪದರ ಸೇರುತ್ತದೆ. ಇಲ್ಲಿನ ಹಳೆಯ ಕಡತಗಳು ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿವೆ. ಮರಾಠಿಯದು ಸಿ-ಡ್ಯಾಕ್‌ನ ಐಎಸ್‌ಎಂನಲ್ಲೋ ಶ್ರೀಲಿಪಿಯಲ್ಲೋ, ಕನ್ನಡದ್ದು ನುಡಿಯಲ್ಲೋ ಬರಹದಲ್ಲೋ. ಆ ಫಾಂಟು ಹೊಸ ಕಂಪ್ಯೂಟರಿಗೆ ಬಾರದಿದ್ದರೆ ಠರಾವು ಪುಸ್ತಕದ ಬದಲು ಪರದೆಯ ಮೇಲೆ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಕೆಲವು ತಂತ್ರಾಂಶಗಳ ಬೀಗವಿದ್ದದ್ದು ಪ್ರಿಂಟರ್ ಪೋರ್ಟಿಗೆ ಚುಚ್ಚುವ ಡಾಂಗಲ್‌ನಲ್ಲಿ, ಆ ಪೋರ್ಟೇ ಈಗಿನ ಯಂತ್ರಗಳಲ್ಲಿಲ್ಲ. ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಬರೆಸಿದ ಕಿರ್ದಿ-ಖತಾವಣಿಯ ತಂತ್ರಾಂಶವಂತೂ 64 ಬಿಟ್‌ನ ವಿಂಡೋಸ್ ಮೇಲೆ ಹಾಗೆಯೇ ಓಡುವುದಿಲ್ಲ, ಮತ್ತು ಸರ್ವರ್ 2008 ಆರ್2ರಿಂದ ಈಚೆಗೆ ವಿಂಡೋಸ್ ಸರ್ವರುಗಳೆಲ್ಲ 64 ಬಿಟ್‌ನವೇ. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳಿಗೆ ಇಂಥ ಸ್ಥಿತಿ ಹೊಸದೇನಲ್ಲ. ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ಅವು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಹೋದವು. ನಿಜಾಮರ ಕಾಲದ ಉರ್ದು ದಫ್ತರಗಳು ಉಳಿದವು, ಅವನ್ನು ಓದುವವರು ವರ್ಷ ವರ್ಷಕ್ಕೆ ಕಡಿಮೆಯಾದರು. 2023ರಲ್ಲಿ ಮರಾಠವಾಡದ ಹಳೆಯ ದಾಖಲೆಗಳಲ್ಲಿ ಕುಣಬಿ ಜಾತಿಯ ನಮೂದುಗಳನ್ನು ಹುಡುಕಲು ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಕೂತಾಗ ಉರ್ದು, ಮೋಡಿ ಲಿಪಿ ಬಲ್ಲವರನ್ನು ಹುಡುಕಬೇಕಾಯಿತು. ಹಾಗಾಗಿ ಹಳೆಯ ಲೆಕ್ಕವನ್ನು ಓದುವುದಕ್ಕಷ್ಟೇ ಬೇಕಾದ ಸರ್ವರಿನ ವಿಷಯದಲ್ಲಿ ‘ಏರಿಸಬೇಡಿ’ ಎಂಬುದೇ ಸರಿಯಾದ ತೀರ್ಮಾನ ಆಗಬಹುದು. ಆದರೆ ಆಗ ಅದನ್ನು ಜಾಲದಿಂದ ಕಿತ್ತು ಒಂಟಿಯಾಗಿಡಬೇಕು, ಇಲ್ಲವೇ ಹೊಸ ಯಂತ್ರದೊಳಗೆ ವರ್ಚುವಲ್ ಯಂತ್ರವಾಗಿ ಬೀಗ ಹಾಕಿಡಬೇಕು. ದಿನವಹಿ ವ್ಯವಹಾರ ಅದರ ಮೇಲೆ ನಡೆಯಕೂಡದು.

ಇಲ್ಲಿಂದ ಮಾತು ಬ್ಯಾಕಪ್ಪಿಗೆ ಬರುತ್ತದೆ, ನನ್ನ ವಾದದ ಭಾರವೆಲ್ಲ ನಿಂತಿರುವುದೂ ಅದರ ಮೇಲೆಯೇ. ‘ಬ್ಯಾಕಪ್ ಅದ’ ಎಂದು ಎಲ್ಲರೂ ಹೇಳುತ್ತಾರೆ. ಬಹುತೇಕ ಕಡೆ ಅದು ಸರ್ವರಿನ ಬೆನ್ನಿಗೆ ಸದಾ ಚುಚ್ಚಿಕೊಂಡಿರುವ ಒಂದು ಡಿಸ್ಕ್. ಬೀಗ ಹಾಕುವ ವೈರಸ್ ಸರ್ವರಿಗೆ ಬಂದರೆ ಆ ಡಿಸ್ಕಿಗೂ ಬೀಗ ಬೀಳುತ್ತದೆ, ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಸುಡುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿ ಹತ್ತು ಸಾವಿರದಷ್ಟು ಜೀವ ತೆಗೆದುಕೊಂಡಾಗ, ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಇಂಥ ನೆಲದಲ್ಲಿ ಒಂದು ಪ್ರತಿ ಊರಿನಿಂದ ಹೊರಗೆ, ಬೀದರದಲ್ಲೋ ಪುಣೆಯಲ್ಲೋ ಇರಬೇಕೆಂದು ಹೇಳುವುದು ಅತಿ ಎಚ್ಚರವೇನಲ್ಲ. ಅದಕ್ಕಿಂತ ಮುಖ್ಯ, ಬ್ಯಾಕಪ್ಪನ್ನು ಬೇರೆ ಯಂತ್ರದ ಮೇಲೆ ಇಳಿಸಿ, ತಂತ್ರಾಂಶ ಓಡಿಸಿ, ನಿನ್ನೆಯ ತಾಳೆಪಟ್ಟಿ ಪೈಸೆಗೆ ಪೈಸೆ ಕೂಡಿತೇ ಎಂದು ನೋಡುವುದು. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದಿಡುವುದು. ಇದನ್ನು ಮಾಡದವರಿಗೆ ಏರಿಸುವುದೂ ಜೂಜು, ಏರಿಸದೆ ಕೂರುವುದೂ ಜೂಜು. ಅವರಿಗೆ ಹಳೆಯ ಡಿಸ್ಕ್ ಒಂದು ದಿನ ತಾನಾಗಿ ಕೈಕೊಟ್ಟರೂ ಅದೇ ಗತಿ. ಇದನ್ನು ಮಾಡಿದವರಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಬ್ಯಾಕಪ್ ಇಳಿಸಿದ ಆ ಎರಡನೆಯ ಯಂತ್ರಕ್ಕೇ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದರೆ ಆಯಿತು, ಪರೀಕ್ಷೆಯೂ ಅದೇ, ಸಿದ್ಧತೆಯೂ ಅದೇ. ಇದ್ದ ಸರ್ವರಿನ ಮೇಲೆಯೇ ಹೊಸದನ್ನು ಏರಿಸುವ ಪದ್ಧತಿಗೆ ತಯಾರಕರ ಒಪ್ಪಿಗೆಯಿದೆ ನಿಜ, ಆದರೆ ನಡುವೆ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಮುಗಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಒಂದೇ ಡಬ್ಬಿ ಇರುವ ಕಡೆ ಅದನ್ನು ನಾನು ಒಪ್ಪುವುದಿಲ್ಲ.

ಈ ತಾಪತ್ರಯವೇ ಬೇಡ, ಎಲ್ಲವನ್ನೂ ಕ್ಲೌಡಿಗೆ ಒಪ್ಪಿಸಿಬಿಡೋಣ ಎನ್ನುವವರಿದ್ದಾರೆ. ಅನೇಕ ಸಣ್ಣ ಸಂಸ್ಥೆಗಳಿಗೆ ಅದು ಒಳ್ಳೆಯ ದಾರಿಯೇ. ಆದರೆ ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಯ ಮೇಲೆ ದಾಳಿಯಾದ ಕಾರಣ 2024ರ ಜುಲೈ 31ರಂದು, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳು, ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು, ದೇಶದ ಪಾವತಿ ಜಾಲದಿಂದ ಹೊರಗುಳಿದವು; ಮರುದಿನ ಸಂಪರ್ಕ ಮರಳಿತು. ಆ ಬ್ಯಾಂಕುಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಒಪ್ಪಿಸಿದರೂ ಪ್ರಶ್ನೆ ಮುಗಿಯುವುದಿಲ್ಲ, ಕೇಳಬೇಕಾದ ಕಡೆ ಬದಲಾಗುತ್ತದೆ: ನಿಮ್ಮ ಸರ್ವರಿನ ಗಡುವು ಯಾವಾಗ, ನಮ್ಮ ದತ್ತಾಂಶದ ಪ್ರತಿ ನಮ್ಮ ಕೈಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಉಳಿದದ್ದು ಹಣ. ವಿಂಡೋಸ್ ಸರ್ವರಿನ ಹಳೆಯ ಆವೃತ್ತಿಗಳಿಗೆ ಗಡುವಿನ ನಂತರವೂ ಹಣ ಕೊಟ್ಟರೆ ಕೆಲ ಕಾಲ ಭದ್ರತೆಯ ದುರಸ್ತಿ ಸಿಗುತ್ತದೆ. ಸರ್ವರ್ 2012ಕ್ಕೆ ಅದು 2026ರ ಅಕ್ಟೋಬರ್ 13ರವರೆಗೆ. ಕೊಂಡದ್ದು ಸಮಯವನ್ನು ಮಾತ್ರ ಎಂಬ ನೆನಪಿದ್ದರೆ ಇದೂ ಒಂದು ಉಪಾಯ. ಒಮ್ಮೆಗೇ ಎಲ್ಲ ಬದಲಿಸಲು ಆಗದಿದ್ದರೆ ಹಂತ ಹಂತವಾಗಿಯೂ ಮಾಡಬಹುದು, ರಿಸರ್ವ್ ಬ್ಯಾಂಕು ಎಟಿಎಂಗಳಿಗೆ ಹೇಳಿದ್ದೂ ಅದನ್ನೇ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿತ್ತು. ನಾಲ್ಕು ವರ್ಷದ ನಂತರವೂ ಅನೇಕ ಎಟಿಎಂಗಳು ಅದರ ಮೇಲೇ ಓಡುತ್ತಿದ್ದವು. 2018ರ ಜೂನ್ 21ರ ಸುತ್ತೋಲೆಯಲ್ಲಿ ಸೆಪ್ಟೆಂಬರಿನೊಳಗೆ ಶೇ. 25, ಡಿಸೆಂಬರಿಗೆ ಶೇ. 50, ಮಾರ್ಚಿಗೆ ಶೇ. 75, 2019ರ ಜೂನಿಗೆ ಪೂರ್ತಿ ಎಂದು ಕಾಲಮಿತಿ ಹಾಕಬೇಕಾಯಿತು. ದೊಡ್ಡ ಬ್ಯಾಂಕುಗಳೇ ತಾವಾಗಿ ತಾರೀಖು ಇಟ್ಟುಕೊಳ್ಳಲಿಲ್ಲ. ಪತ್‌ಸಂಸ್ಥೆಗೆ ಸುತ್ತೋಲೆ ಕಳಿಸುವವರು ಯಾರೂ ಇಲ್ಲದಿದ್ದರೆ ಸಂಚಾಲಕ ಮಂಡಳಿಯೇ ಠರಾವಿನಲ್ಲಿ ತಾರೀಖು ಬರೆಯಬೇಕು. ಒಂದೊಂದು ಸಂಸ್ಥೆಗೂ ಬಿಡಿ ಯಂತ್ರ ಕೊಳ್ಳುವುದು ಭಾರವೆನಿಸಿದರೆ ಒಂದೇ ತಂತ್ರಾಂಶ ಬಳಸುವ ನಾಲ್ಕೈದು ಸಂಸ್ಥೆಗಳು ಕೂಡಿ ಒಂದನ್ನು ಕೊಂಡು, ಆಗಸ್ಟ್-ಸೆಪ್ಟೆಂಬರಿನ ಬಿಡುವಿನಲ್ಲಿ ಒಂದೊಂದು ವಾರ ಒಬ್ಬೊಬ್ಬರು ಅದರ ಮೇಲೆ ಪ್ರಯೋಗ ಮಾಡಿಕೊಳ್ಳಬಹುದು. ಒಬ್ಬರ ಮಾಹಿತಿ ಇನ್ನೊಬ್ಬರ ಕೈಗೆ ಸಿಗದಂತೆ ಪ್ರತಿ ಸಲ ಡಿಸ್ಕನ್ನು ಪೂರ್ತಿ ಅಳಿಸಬೇಕು, ಅಷ್ಟೆ. ಪಾಸ್‌ಬುಕ್ ಪ್ರಿಂಟರ್, ಬೆರಳಚ್ಚಿನ ಯಂತ್ರ, ಹಳೆಯ ಸ್ಕ್ಯಾನರ್ ಇವೂ ಆ ಪ್ರಯೋಗದಲ್ಲಿ ಸೇರಲಿ. ಬದಲಾವಣೆಯ ಮರುದಿನ ಸಾಲು ನಿಲ್ಲುವುದು ಹೆಚ್ಚಾಗಿ ಇವುಗಳ ಮುಂದೆಯೇ. ಹಳೆಯ ಸರ್ವರಿನ ಡಿಸ್ಕನ್ನು ಕೂಡಲೇ ಅಳಿಸಿ ಬೇರೆಡೆ ಹಾಕುವ ಆಸೆ ಬೇಡ. ಅದರ ಮೇಲೆ ತಾರೀಖು ಬರೆದು, ಮಾರ್ಚ್ 31ರ ಲೆಕ್ಕ ಮುಗಿದು ಆಡಿಟರ್ ಸಹಿ ಬೀಳುವವರೆಗೆ ತಿಜೋರಿಯಲ್ಲಿ ಇಡುವುದು ಕ್ಷೇಮ.